ಪ್ರೊರೋಗ್ ಮತ್ತು ಮೋಟಾರ್ ಬಿಲ್

ಭಾನುವಾರ ನಮ್ಮ ಮನೆತನದ ಗ್ರೂಪ್‌ನಲ್ಲಿ ನಡೆದದ್ದು ಇದು. ಗುಡ್ ಮಾರ್ನಿಂಗ್ ಹೂವುಗಳನ್ನು ಮಾತ್ರ ತೆಗೆದಿದ್ದೇನೆ.

ರಮೇಶ ಚಿಕ್ಕಪ್ಪ (ಫಾರ್ವರ್ಡ್): ನಿಮಗೆ ಗೊತ್ತಾ? ಇಂಗ್ಲಿಷಿನ ‘ಪ್ರೊರೋಗ್’ (ಸದನದ ಅಧಿವೇಶನ ಮುಗಿಸುವುದು) ಎಂಬ ಕ್ರಿಯಾಪದ ಹುಟ್ಟಿದ್ದು ಸಂಸ್ಕೃತದ ‘ರೋಗ’ದಿಂದ! ಅಧಿವೇಶನ ಮುಗಿದ ಮೇಲೆ ರೋಗ ಊರೂರಿಗೆ ಹರಡುತ್ತದೆ ಎಂದರ್ಥ!! ಎಲ್ಲರಿಗೂ ಕಳಿಸಿ 🙏

ಶೋಭಾ ಅತ್ತೆ: 😂😂 ನೂರಕ್ಕೆ ನೂರು ನಿಜ.

ವೀಣಾ: ಚಿಕ್ಕಪ್ಪ, ಇದು ಯಾವ ನಿಘಂಟಿನಲ್ಲಿದೆ?

ರಮೇಶ ಚಿಕ್ಕಪ್ಪ: ನಮ್ಮ ರಿಟೈರ್ಡ್ ಗ್ರೂಪ್‌ನಲ್ಲಿ ಬಂತು. ಅಲ್ಲಿರುವವರೆಲ್ಲ ಓದಿದವರು.

ವೀಣಾ: ಓದಿದವರು ಇದನ್ನು ಓದಿಲ್ಲ ಅನಿಸುತ್ತದೆ. ಲ್ಯಾಟಿನ್‌ನ ‘ಪ್ರೊರೊಗಾರೆ’ ಫ್ರೆಂಚ್ ದಾರಿ ಹಿಡಿದು 15ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ‘ರೊಗಾರೆ’ ಅಂದರೆ ಕೇಳುವುದು. ರೋಮ್‌ನಲ್ಲಿ ಅಧಿಕಾರಿಯ ಅವಧಿ ಮುಗಿದರೂ ಮುಂದುವರಿಸಬೇಕಾದರೆ ಜನರನ್ನು ಕೇಳುತ್ತಿದ್ದರು. ಕ್ರಿ.ಪೂ. 326ರಲ್ಲಿ ಪುಬ್ಲಿಲಿಯಸ್ ಫಿಲೋ ಎಂಬ ಅಧಿಕಾರಿ ಈಗಿನ ನೇಪಲ್ಸ್ ಹತ್ತಿರ ಮುತ್ತಿಗೆ ಹಾಕಿ ಕೂತಿದ್ದ. ನಡುವೆ ವಾಪಸ್ ಕರೆಸುವ ಬದಲು ಅವನ ಅಧಿಕಾರವನ್ನೇ ವಿಸ್ತರಿಸಿದರು. ಮೊದಲು ‘ಮುಂದುವರಿಸು’ ಎಂಬ ಅರ್ಥ, ಆಮೇಲೆ ‘ಮುಂದೂಡು’, ಈಗ ‘ಅಧಿವೇಶನ ಮುಗಿಸು’.

ದೊಡ್ಡಪ್ಪ: ವೀಣಾ, ದೊಡ್ಡವರು ಒಂದು ತಮಾಷೆ ಹಾಕಿದರೆ ನಕ್ಕು ಸುಮ್ಮನಾಗಬೇಕಮ್ಮಾ. ನಾವು ನಮ್ಮ ಅಪ್ಪನ ಎದುರು ಕೂರುತ್ತಲೂ ಇರಲಿಲ್ಲ.

(ಸುಳ್ಳು ಹಾಕಿದವರಿಗೆ ಏನೂ ಇಲ್ಲ, ತಿದ್ದಿದವಳಿಗೆ ಬುದ್ಧಿಮಾತು. ನಮ್ಮ ಗ್ರೂಪಿನ ಪದ್ಧತಿಯೇ ಹೀಗೆ.)

ಕಿರಣ: ಇಲ್ಲಿ ಟೊರಾಂಟೊದಲ್ಲಿ ಈ ಪದ ಎಲ್ಲರಿಗೂ ಗೊತ್ತು. 2025ರ ಜನವರಿ 6ರಂದು ಆಗಿನ ಪ್ರಧಾನಿ ಟ್ರುಡೊ ರಾಜೀನಾಮೆ ಕೊಡುತ್ತೇನೆ ಅಂದ ದಿನವೇ ಮಾರ್ಚ್ 24ರವರೆಗೆ ಪಾರ್ಲಿಮೆಂಟ್ ಪ್ರೊರೋಗ್ ಆಯಿತು.

ವೀಣಾ: 2019ರಲ್ಲಿ ಬೋರಿಸ್ ಜಾನ್ಸನ್ ಮಾಡಿಸಿದ್ದನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕಾನೂನುಬಾಹಿರ ಅಂದಿತು. 11 ನ್ಯಾಯಮೂರ್ತಿಗಳದೂ ಒಂದೇ ಮಾತು.

ಶೋಭಾ ಅತ್ತೆ: ಕಿರಣಾ, ಅಲ್ಲಿ ಚಳಿ ಹೇಗಿದೆ? ಮಗುವಿಗೆ ಟೋಪಿ ಹಾಕು.

ಮಂಜು: ಅಧಿವೇಶನ ಅಂದಕೂಡಲೇ ತಾತ ನೆನಪಾದರು. ರೇಡಿಯೊದಲ್ಲಿ ಪ್ರದೇಶ ಸಮಾಚಾರ ಶುರುವಾದರೆ ಯಾರೂ ಉಸಿರೆತ್ತುವಂತಿರಲಿಲ್ಲ. ಅಜ್ಜಿ ಒಗ್ಗರಣೆ ಹಾಕುವುದನ್ನೂ ತಡೆಯುತ್ತಿದ್ದರು! ಆ ಮರ್ಫಿ ರೇಡಿಯೊ ಈಗ ಎಲ್ಲಿದೆ?

ಶೋಭಾ ಅತ್ತೆ: ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು. ನಾನು ಬಾಯಿ ಬಿಡುವುದಿಲ್ಲ.

ದೊಡ್ಡಮ್ಮ: ಬಾಯಿ ಬಿಡದೆಯೇ ಇಷ್ಟು ಹೇಳಿದೆಯಲ್ಲ ಶೋಭಾ. ಷೋಕೇಸಿನಲ್ಲಿಟ್ಟು ದಿನಾ ಧೂಳು ಒರೆಸುವವಳು ನಾನು.

ರಮೇಶ ಚಿಕ್ಕಪ್ಪ: ಈ ವಿಷಯವನ್ನು ಇಲ್ಲಿಗೇ ಪ್ರೊರೋಗ್ ಮಾಡೋಣ 🙏

ವೀಣಾ: ಅದು ಅಡ್ಜರ್ನ್, ಚಿಕ್ಕಪ್ಪ. ಸದನದ ಕಲಾಪ ಮುಂದೂಡುವವರು ಸ್ಪೀಕರ್. ಅಧಿವೇಶನವನ್ನೇ ಪ್ರೊರೋಗ್ ಮಾಡುವವರು ರಾಜ್ಯಪಾಲರು. ಸಂವಿಧಾನದ 174ನೇ ವಿಧಿ.

ಗುರುವಣ್ಣ: ಇಲ್ಲಿ ರಾಜ್ಯಪಾಲರು ಯಾರು, ಅಡ್ಮಿನ್ನಾ? ಇರಲಿ. ಚಿಕ್ಕಪ್ಪ, ತೋಟದ ಬೋರ್‌ವೆಲ್ ಮೋಟಾರ್ ರಿಪೇರಿ ಬಿಲ್ಲನ್ನು ಯುಗಾದಿಗೆ ಮುಂಚೆಯೇ ಇಲ್ಲಿ ಹಾಕಿದ್ದೆ. ನಿಮ್ಮ ಪಾಲು ಇನ್ನೂ ಬಂದಿಲ್ಲ. ಪ್ರೊರೋಗ್ ಆದರೆ ಬಿಲ್ಲೂ ಹೋಗುತ್ತದಾ?

ವೀಣಾ: ಬ್ರಿಟನ್ನಿನಲ್ಲಿ ಬಾಕಿ ಇರುವ ಮಸೂದೆಗಳು ಸಾಮಾನ್ಯವಾಗಿ ಬಿದ್ದುಹೋಗುತ್ತವೆ. ನಮ್ಮ ವಿಧಾನಮಂಡಲದಲ್ಲಿ ಹಾಗಲ್ಲ. 196ನೇ ವಿಧಿಯ 3ನೇ ಖಂಡದ ಪ್ರಕಾರ ಬಿಲ್ ಹಾಗೇ ಉಳಿಯುತ್ತದೆ.

ಗುರುವಣ್ಣ: ಕೇಳಿದಿರಾ ಚಿಕ್ಕಪ್ಪ? ಸಂವಿಧಾನದಲ್ಲೇ ಇದೆ.

ರಮೇಶ ಚಿಕ್ಕಪ್ಪ: ಮೋಟಾರ್ ಸುಟ್ಟದ್ದು ಯಾರ ಸರದಿಯಲ್ಲಿ? ಮೊದಲು ಅದನ್ನು ಹೇಳು. ರಾತ್ರಿಯೆಲ್ಲ ಆನ್ ಮಾಡಿಟ್ಟು ಮಲಗಿದವರು ಯಾರು?

(ಇಲ್ಲಿಂದ ಮುಂದೆ ವಾಯ್ಸ್ ಮೆಸೇಜ್‌ಗಳು. ನಾನು ಒಂದನ್ನೂ ಪೂರ್ತಿ ಕೇಳಿಲ್ಲ. ಯಾರೂ ಕೇಳಿದಂತಿಲ್ಲ.)

ಶೋಭಾ ಅತ್ತೆ: ರೇಡಿಯೊ ವಿಷಯಕ್ಕೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ, ನೋಡಿ.

ದೊಡ್ಡಪ್ಪ: ಎಲ್ಲರೂ ಫೋನ್ ಕೆಳಗಿಡಿ. ಬರುವ ಭಾನುವಾರ ತೋಟದ ಮನೆಗೆ ಬನ್ನಿ, ಎದುರೆದುರು ಕೂತು ಮಾತಾಡೋಣ. ವೀಣಾ, ನೀನೂ ಬಾ. ಸಂವಿಧಾನ ಮನೆಯಲ್ಲೇ ಇಟ್ಟು ಬಾ.