ನಮ್ಮೂರ ಕಡೆಯ ಅಭ್ಯರ್ಥಿ, ‘ಬಂದೂಕುಮುಕ್ತ ವಾರ್ಡ್’ ಭರವಸೆ: ಏನು ನೋಡಬೇಕು?

ದಹಿಸರ್ ಕನ್ನಡಿಗ:
ಮುಂಬೈ ಪಾಲಿಕೆ ಚುನಾವಣೆಗೆ ನಿಲ್ಲಲು ಹೊರಟವರು ಕರಾವಳಿ ಮೂಲದವರು, ಕನ್ನಡ ಸಂಘದಲ್ಲಿ ದುಡಿದವರು. ವಾರ್ಡನ್ನು ಬಂದೂಕುಮುಕ್ತ ಮಾಡುತ್ತೇನೆ ಎನ್ನುತ್ತಾರೆ. 2024ರ ಫೆಬ್ರವರಿಯಲ್ಲಿ ಬೊರಿವಲಿಯಲ್ಲಿ ಮಾಜಿ ನಗರಸೇವಕ (ಪಾಲಿಕೆ ಸದಸ್ಯ) ಅಭಿಷೇಕ್ ಘೋಸಾಳ್ಕರ್ ಫೇಸ್‌ಬುಕ್ ಲೈವ್‌ನಲ್ಲೇ ಗುಂಡಿಗೆ ಬಲಿಯಾದ ಮೇಲೆ ಈ ಮಾತು ಜನರಿಗೆ ನಾಟುತ್ತದೆ. ನಗರಸೇವಕರ ಕೈಯಲ್ಲಿ ಇದೆಷ್ಟಿದೆ?

ಮಾಟುಂಗಾ ವಕೀಲ:
ಲೈಸೆನ್ಸ್ ವಿಷಯದಲ್ಲಿ ಏನೂ ಇಲ್ಲ ಸರ್. ಶಸ್ತ್ರಾಸ್ತ್ರ ಕೇಂದ್ರ ಪಟ್ಟಿಯ ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆ ತಿದ್ದುವುದು ಸಂಸತ್ತು, ಮುಂಬೈಯಲ್ಲಿ ಲೈಸೆನ್ಸ್ ಕೊಡುವುದು ಪೊಲೀಸ್ ಆಯುಕ್ತರು. ಪಾಲಿಕೆಯಿಂದ ಬೀದಿದೀಪ, ಕತ್ತಲೆ ಗಲ್ಲಿಗಳ ದುರಸ್ತಿ ಕೇಳಬಹುದು, ಅಷ್ಟೇ. ಆದ್ದರಿಂದ ಅವರ ಸ್ವಂತ ನಡತೆಯನ್ನೇ ಅಳೆಯಿರಿ. ಗೆದ್ದ ದಿನದ ಮೆರವಣಿಗೆಯಲ್ಲಿ ಬಂದೂಕು ತರಬೇಡಿ ಎಂದು ಬೆಂಬಲಿಗರಿಗೆ ಈಗಲೇ ಬಹಿರಂಗವಾಗಿ ಹೇಳುತ್ತಾರಾ? 2019ರ ತಿದ್ದುಪಡಿ ಪ್ರಕಾರ, ಇತರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂ.ವರೆಗೆ ದಂಡ, ಅಥವಾ ಎರಡೂ.

ಕೋರ್ಟು ಗುಮಾಸ್ತ:
ನಾಮಪತ್ರದ ಜೊತೆಗಿನ ಅಫಿಡವಿಟ್ ಓದಿ. ಶಸ್ತ್ರಾಸ್ತ್ರ ಕಾಯ್ದೆಯ ಕಲಂ 25 (ಅಕ್ರಮವಾಗಿ ಇಟ್ಟುಕೊಳ್ಳುವುದು), 27 (ಬಳಸುವುದು) ಇವೆಯೇ ನೋಡಿ. ಇಲ್ಲೇ ಬಹಳ ಮಂದಿ ಎಡವುವುದು: ಕೊಲೆಯತ್ನ ಎಂದರೆ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 307 ಒಂದೇ ಹುಡುಕುತ್ತಾರೆ. 2024ರ ಜುಲೈ 1ರಿಂದ ನಡೆದ ಅಪರಾಧಕ್ಕೆ ಅದರ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 109. ಕೊಲೆಗೆ 302 ಹೋಗಿ 103 ಬಂದಿದೆ. ಆಮೇಲೆ ಕೋರ್ಟು ಕೇಸುಗಳ ಸ್ಥಿತಿ ತೋರಿಸುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರಿನಿಂದ ಹುಡುಕಬೇಡಿ. ‘ಶೆಟ್ಟಿ’ ಎಂದು ಹೊಡೆದರೆ ರಾಶಿ ಬೀಳುತ್ತದೆ, ಯಾರದ್ದೋ ಕೇಸು ಇವರ ತಲೆಗೆ ಕಟ್ಟಿದಂತಾಗುತ್ತದೆ. ಠಾಣೆ, ಎಫ್‌ಐಆರ್ ನಂಬರ್, ವರ್ಷ ಹಾಕಿ. ಬಾಕಿ ಇರುವ ಕೇಸು, ಮುಗಿದ ಕೇಸು ಎರಡನ್ನೂ ಬೇರೆಬೇರೆಯಾಗಿ ಹುಡುಕಬೇಕು.

ಮುಲುಂಡ್ ಓದುಗ:
ಒಂದು ವಿಷಯ ಬಿಟ್ಟುಹೋಯಿತು: ಅಂಗರಕ್ಷಕರು. ಘೋಸಾಳ್ಕರ್ ಪ್ರಕರಣದಲ್ಲಿ ಬಳಕೆಯಾದ ಪಿಸ್ತೂಲು ದಾಳಿಕೋರನ ಅಂಗರಕ್ಷಕನ ಹೆಸರಿನದು, ಲೈಸೆನ್ಸ್ ಉತ್ತರ ಪ್ರದೇಶದ್ದು ಎಂದು ಪೊಲೀಸರು ಹೇಳಿದ್ದರು. ಅಂದರೆ ಕಾಗದ ಸರಿ ಇದ್ದರೂ ಬಂದೂಕು ಇನ್ನೊಬ್ಬರ ಕೈಗೆ ಹೋಗಬಲ್ಲದು. ಖಾಸಗಿ ಅಂಗರಕ್ಷಕರಿದ್ದರೆ ಕೇಳಿ: ಲೈಸೆನ್ಸ್ ಯಾರ ಹೆಸರಲ್ಲಿದೆ, ಮಹಾರಾಷ್ಟ್ರದಲ್ಲಿ ಚಾಲ್ತಿಯಿದೆಯೇ, ಯುಐಎನ್ (ಲೈಸೆನ್ಸ್‌ದಾರರಿಗೆ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ) ಇದೆಯೇ, ಡ್ಯೂಟಿ ಮುಗಿದ ಮೇಲೆ ಬಂದೂಕಿನ ಬೀಗದ ಕೀಲಿ ಯಾರ ಬಳಿ? ಕೊನೆಯದಕ್ಕೆ ತಡವರಿಸಿದರೆ ನನ್ನ ಓಟಂತೂ ಸಿಗದು.

ದಹಿಸರ್ ಕನ್ನಡಿಗ:
ಅಫಿಡವಿಟ್‌ನಲ್ಲಿ ಕಲಂ ಇದ್ದು ಎಫ್‌ಐಆರ್ ನಂಬರ್ ಇಲ್ಲದಿದ್ದರೆ?

ಕೋರ್ಟು ಗುಮಾಸ್ತ:
ಕೋರ್ಟಿನ ಕೇಸ್ ನಂಬರ್ ಇದ್ದರೂ ಸಾಕು. ಎರಡೂ ಖಾಲಿ ಬಿಟ್ಟಿದ್ದರೆ ನಾಮಪತ್ರ ಪರಿಶೀಲನೆಗೆ ಮೊದಲೇ ಚುನಾವಣಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.