ಸೋಲಿಗ ಗರ್ಭಿಣಿ: ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುತ್ತಿಲ್ಲ

ಪ್ರಶ್ನೆ (ಆಶಾ ಕಾರ್ಯಕರ್ತೆ, ಚಾಮರಾಜನಗರ): ಪೋಡಿನಲ್ಲಿ (ಸೋಲಿಗರ ಹಾಡಿ) ಐದು ತಿಂಗಳ ಗರ್ಭಿಣಿ, ಹಿಮೋಗ್ಲೋಬಿನ್ 8.6 ಗ್ರಾಂ. ತಿಂಗಳಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ. ಊಟ ಮುದ್ದೆ, ಸೊಪ್ಪಿನ ಸಾರು. ಎಲ್ಲಿ ತಪ್ಪುತ್ತಿದೆ?

ಉತ್ತರ 1: 7ರಿಂದ 9.9 ಮಧ್ಯಮ ರಕ್ತಹೀನತೆ ಮೇಡಂ. ದಿನಕ್ಕೆ ಒಂದು ಸಾಲದು, ಎರಡು ಬೇಕು, ವೈದ್ಯರಿಂದ ಬರೆಸಿಕೊಳ್ಳಿ. ಒಂದರಲ್ಲಿ 60 ಮಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನು ಜೊತೆಗೇ ನುಂಗುತ್ತಿದ್ದಾರಾ ನೋಡಿ. ಎರಡು ಗಂಟೆ ಅಂತರವಿರಲಿ. ಊಟದ ಹಿಂದೆಯೇ ಟೀ ಕುಡಿದರೂ ಕಬ್ಬಿಣ ಮೈಗೆ ಹತ್ತುವುದಿಲ್ಲ. ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿ. ಹಲವರು ಮಾತ್ರೆ ಬಿಡುವುದು ಇದಕ್ಕೇ, ಇಲ್ಲವೇ ವಾಕರಿಕೆಗೆ. ವಾಕರಿಕೆಯಿದ್ದರೆ ರಾತ್ರಿ ಊಟವಾದ ಮೇಲೆ ಕೊಡಿ.

ಉತ್ತರ 2: ಸಿಕಲ್ ಸೆಲ್ (ತಂದೆತಾಯಿಯಿಂದ ಬರುವ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಕಾಯಿಲೆ) ಪರೀಕ್ಷೆ ಆಗಿದೆಯಾ? ಸೋಲಿಗರು, ಜೇನುಕುರುಬರಲ್ಲಿ ಇದನ್ನು ಬಿಡಲೇಬಾರದು. ಮೊದಲ ಹಂತದ ಸಾಲ್ಯುಬಿಲಿಟಿ ಪರೀಕ್ಷೆ ಪಾಸಿಟಿವ್ ಬಂದರೆ ಎಚ್‌ಪಿಎಲ್‌ಸಿಯಲ್ಲಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ನೋಡುವ ಲ್ಯಾಬ್ ಪರೀಕ್ಷೆ) ಖಚಿತಪಡಿಸಬೇಕು, ಗಂಡನ ರಕ್ತವನ್ನೂ ನೋಡಬೇಕು. ಬರೀ ವಾಹಕಿಯಲ್ಲ, ಕಾಯಿಲೆಯೇ ಇದ್ದರೆ ಫೆರಿಟಿನ್ (ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ) ನೋಡದೆ ಕಬ್ಬಿಣ ಏರಿಸುವುದು ಸರಿಯಲ್ಲ. ಫೋಲಿಕ್ ಆಮ್ಲ ಮುಂದುವರಿಸಬಹುದು. ಜಂತುಹುಳುವಿಗೆ ಅಲ್ಬೆಂಡಜೋಲ್ 400 ಮಿಗ್ರಾಂ ಒಂದೇ ಸಲ, ನಾಲ್ಕನೇ ತಿಂಗಳಿಂದ.

ಉತ್ತರ 3: ಊಟ ಕೆಟ್ಟದ್ದೇನಲ್ಲ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಮೈಗೆ ಹತ್ತದಂತೆ ಹಿಡಿದಿಡುತ್ತದೆ, ಅಷ್ಟೆ. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿದರೆ ಅದು ತಗ್ಗುತ್ತದೆ. ಅಣ್ಣೆಸೊಪ್ಪಿನ ಸಾರಿನ ಜೊತೆ ಹಸಿ ನೆಲ್ಲಿಕಾಯಿ ಒಂದು. ಬೇಯಿಸಿದರೆ ಸಿ ಜೀವಸತ್ವ ಕಡಿಮೆಯಾಗುತ್ತದೆ. ಹುರುಳಿ, ಅವರೆ, ಮೊಟ್ಟೆ ಸೇರಲಿ. ಮಾತೃಪೂರ್ಣದ (ಗರ್ಭಿಣಿ, ಬಾಣಂತಿಯರಿಗೆ ಸರ್ಕಾರದ ಊಟದ ಯೋಜನೆ) ಬಿಸಿಯೂಟಕ್ಕೆ ಅಂಗನವಾಡಿ ದೂರವೇ ಎಂದೂ ಕೇಳಿ.

ಉತ್ತರ 1: ಎರಡು ಮಾತ್ರೆ ಸರಿಯಾಗಿ ನುಂಗಿಯೂ ತಿಂಗಳಲ್ಲಿ ಹಿಮೋಗ್ಲೋಬಿನ್ 1 ಗ್ರಾಂ ಏರದಿದ್ದರೆ ಕಾಯಬೇಡಿ, ತಾಲ್ಲೂಕು ಆಸ್ಪತ್ರೆಗೆ ಕಳಿಸಿ.