ಹತ್ತನೆಯ ಲೋಟ

ಭಾನುವಾರ ಬೆಳಿಗ್ಗೆ ಏಳಕ್ಕೆ ಜಯನಗರದ ಸೋದರತ್ತೆ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ದಾಟಿಸಿದರು. ಅದರ ತಲೆಯ ಮೇಲೆ ಹಲವು ಕೈ ದಾಟಿ ಬಂದ ಜೋಡಿ ಬಾಣದ ಗುರುತು.

‘ಎಚ್ಚರ! ಕಾಫಿಗೆ ಒಂದರಂತೆ ಕಾರ್ಡಿನಲ್ಲಿ ಒಂಬತ್ತು ಮುದ್ರೆ ಬಿದ್ದರೆ ಹತ್ತನೆಯ ಕಾಫಿ ಉಚಿತ ಎನ್ನುವ ಅಂಗಡಿಗಳು ಉಚಿತ ಕಾಫಿಯನ್ನು ಕಡಿಮೆ ಅಳತೆಯಲ್ಲಿ ಕೊಡುತ್ತಿವೆ. ಎಲ್ಲರಿಗೂ ತಿಳಿಸಿ.’

ಜೊತೆಗೆ ಎರಡು ಲೋಟಗಳ ಚಿತ್ರ. ಒಂದು ಕ್ಯಾಮೆರಾಕ್ಕೆ ಹತ್ತಿರ, ಇನ್ನೊಂದು ದೂರ. ಅದನ್ನು ಗಮನಿಸಿದವರು ಯಾರೂ ಇಲ್ಲ.

ಚಿಕ್ಕಪ್ಪನ ಮಗ ಎಂದಿನಂತೆ ಮೊದಲಿಗ: ‘ಅತ್ತೆ, ಯಾವ ಅಂಗಡಿ? ಅಳೆದವರು ಯಾರು? ಎಷ್ಟು ಮಿಲಿ ಕಡಿಮೆ?’

ಅತ್ತೆ: ‘ಬಂದದ್ದನ್ನು ಕಳುಹಿಸಿದೆ. ನಾನೇನು ನ್ಯಾಯಾಲಯದಲ್ಲಿ ನಿಂತಿದ್ದೇನೆಯೇ?’

ಅವನು ಬಿಡಲಿಲ್ಲ. ಲೋಟಕ್ಕೆ 200 ರೂಪಾಯಿ ಎಂದುಕೊಂಡರೆ 1,800 ತೆತ್ತು 2,000 ರೂಪಾಯಿಯ ಕಾಫಿ ಕುಡಿದಂತೆ, ಅಂದರೆ ಶೇ 10 ರಿಯಾಯಿತಿ. ಎಂಟನೆಯ ಮುದ್ರೆಗೆ ಕಾರ್ಡ್ ಕಳೆದರೆ ಅದೂ ಇಲ್ಲ. ಎಸ್ಪ್ರೆಸೊ ಒಂದು ಶಾಟ್ ಎಂದರೆ ಸುಮಾರು 30 ಮಿಲಿ, ಉಳಿದದ್ದು ಹಾಲು, ನೊರೆ. ತಣ್ಣನೆಯ ಕಾಫಿಯಾದರೆ ಮಂಜುಗಡ್ಡೆಯೇ ಅರ್ಧ ಜಾಗ ತಿನ್ನುತ್ತದೆ. ದೂರು ಇದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಇಷ್ಟು ಬರೆದದ್ದಕ್ಕೆ ಅವನಿಗೆ ಸಿಕ್ಕಿದ್ದು ನನ್ನದೊಂದು ಹೆಬ್ಬೆರಳು.

ಆಗ ದೊಡ್ಡಪ್ಪ ಬಂದರು: ‘ಪುಕ್ಕಟೆಗೆ ಕೈಚಾಚಿದವರಿಗೆ ಅಳತೆ ಕೇಳುವ ಹಕ್ಕಿಲ್ಲ. ನಮ್ಮ ತಂದೆ ಮನೆಯ ಹಿತ್ತಾಳೆ ಫಿಲ್ಟರಿನ ಕಾಫಿಯನ್ನಲ್ಲದೆ ಹೊರಗಿನದನ್ನು ಮುಟ್ಟಿದವರಲ್ಲ.’

ಅತ್ತೆ: ‘ಮುಟ್ಟುತ್ತಿದ್ದರು ಅಣ್ಣ. ಗಾಂಧಿ ಬಜಾರಿನಲ್ಲಿ, ನನ್ನ ಜೊತೆ ಬೈಟು. ನಿನಗೆ ಹೇಳಬೇಡ ಎಂದಿದ್ದರು.’

ಐದು ನಿಮಿಷ ಗುಂಪು ಮೌನ. ದೊಡ್ಡಪ್ಪ ‘ಟೈಪ್ ಮಾಡುತ್ತಿದ್ದಾರೆ’ ಎಂದು ಕಾಣಿಸುತ್ತಿತ್ತು, ಮತ್ತೆ ಮಾಯವಾಗುತ್ತಿತ್ತು.

ಪುಣೆಯಲ್ಲಿರುವ ಅವರ ಮಗ ಮಾತು ತಿರುಗಿಸಲು ನೋಡಿದ. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್, ಪೇಟ ಸುತ್ತಿದ ಮಾಣಿಗಳು, ಮಸುಕು ಬೆಳಕು. 2009ರಲ್ಲಿ ಅದು ಚರ್ಚ್ ಸ್ಟ್ರೀಟಿಗೆ ಹೋಗುವ ಮುನ್ನ ನಾವೆಲ್ಲ ಕೊನೆಯ ಬಾರಿ ಕುಳಿತದ್ದು... ಮೂರು ಕಂತುಗಳಲ್ಲಿ ಬರೆದ. ಪಾಪ, ನಾಲ್ಕನೆಯ ಕಂತಿಗೆ ಮೊದಲೇ ಚಿಕ್ಕಪ್ಪನ ಮಗ ಕೇಳಿದ: ‘ಆ ದಿನದ ಬಿಲ್ ಕೊಟ್ಟವನು ನಾನು. ನೆನಪಿದೆಯೇ?’ ನೆನಪುಗಳ ಕಂತು ಅಲ್ಲಿಗೆ ನಿಂತಿತು.

ಹಬ್ಬದ ಶುಭಾಶಯವನ್ನೂ ಬರೆಯದ ದೊಡ್ಡಮ್ಮ ಆಗ ಬರೆದರು.

‘ಅಳತೆಯ ಮಾತು ಬಂತಲ್ಲ, ಕೇಳುತ್ತೇನೆ. ಆ ಹಿತ್ತಾಳೆ ಫಿಲ್ಟರಿನ ಮೊದಲ ಡಿಕಾಕ್ಷನ್ ಗಂಡಸರಿಗೆ, ಅಳಿಯ ಬಂದರೆ ಅಳಿಯನಿಗೆ. ಅದೇ ಪುಡಿಗೆ ಮತ್ತೆ ಬಿಸಿನೀರು ಹೊಯ್ದದ್ದು ಸೊಸೆಯರಿಗೆ. ಹನ್ನೊಂದು ವರ್ಷ ನಾನು ಕುಡಿದದ್ದು ಚಿಕೋರಿಯ ಬಣ್ಣದ ನೀರು. ಆಗ ಯಾರೂ ಎಚ್ಚರ ಎಂದು ಸಂದೇಶ ಕಳುಹಿಸಲಿಲ್ಲ.’

ಅಳಿಯ ಎಂದರೆ ಅತ್ತೆಯ ಯಜಮಾನರು. ಅವರೂ ಗುಂಪಿನಲ್ಲಿದ್ದಾರೆ. ಅವರಿಂದ ಉತ್ತರ ಬರಲಿಲ್ಲ. ದೊಡ್ಡಪ್ಪ ಏನನ್ನೋ ಹಾಕಿ ಕೂಡಲೇ ಅಳಿಸಿದರು. ಏನೆಂದು ಕೇಳುವ ಧೈರ್ಯ ನನಗಂತೂ ಇರಲಿಲ್ಲ.

ಹತ್ತೂವರೆಗೆ ಅತ್ತೆ ಇನ್ನೊಂದು ಚಿತ್ರ ಹಾಕಿದರು. ಅಂಚು ಮಡಿಸಿದ, ಒಂಬತ್ತು ಮುದ್ರೆ ತುಂಬಿದ ಕಾರ್ಡ್.

‘ಇದು ನನ್ನದೇ. ಉಚಿತ ಲೋಟ ಇನ್ನೂ ತೆಗೆದುಕೊಂಡಿಲ್ಲ. ಅತ್ತಿಗೆ, ನಾಳೆ ನಾಲ್ಕಕ್ಕೆ ಬರುತ್ತೀರಾ?’

ದೊಡ್ಡಮ್ಮ: ‘ಬರುತ್ತೇನೆ. ಬೈಟು ಮಾತ್ರ ಬೇಡ.’